ಜೈಲಿನಿಂದ ಅಕ್ಕನಿಗೆ ಬಂದ ಕಾಗದ: ಮಲೆನಾಡಿನ ಒಂದು ಪ್ರಕರಣ

ಹಳೆಯ ಮನೆಗಳಲ್ಲಿ ಉಳಿದ ಕಾಗದಪತ್ರ ಓದಿ, ವಿಂಗಡಿಸಿ, ಕೆಡದ ಹಾಗೆ ಎತ್ತಿಡಲು ನೆರವಾಗುವುದು ನನ್ನ ಕೆಲಸ. ಇಂಥ ಕೆಲಸ ಮಾಡುವ ಬೇರೆಯವರಿಗೂ ಉಪಯೋಗ ಆಗಲಿ ಎಂದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಊರಿನ ಹೆಸರಾಗಲಿ, ಮನೆತನದ ಹೆಸರಾಗಲಿ ಇಲ್ಲಿ ಇಲ್ಲ. ಓದಿದವರು ಗುರುತು ಹಿಡಿಯಬಾರದು ಎಂದು ಕೆಲವು ವಿವರ ಬದಲಾಯಿಸಿದ್ದೇನೆ. ಇದರಲ್ಲಿ ಬರುವ ಎರಡೂ ಮನೆಯವರು ಮೊದಲೇ ಓದಿ ಒಪ್ಪಿದ್ದಾರೆ.

ಹಿನ್ನೆಲೆ

ಹೊಸನಗರ ಸೀಮೆಯ ಒಂದು ಹಳ್ಳಿ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿದಾಗ ಹಿನ್ನೀರು ಬಂದು ಊರಿನ ಕೆಳಗಿನ ಭಾಗ ಮುಳುಗಿತು. ಗದ್ದೆಗಳು ಹೋದವು. ದಿಬ್ಬದ ಮೇಲಿನ ಕೆಲವು ಮನೆ, ಒಂದಿಷ್ಟು ಅಡಿಕೆ ತೋಟ ಉಳಿಯಿತು. ಹಾಗೆ ಉಳಿದ ಮನೆಗಳಲ್ಲಿ ಒಂದರ ವಿಷಯ ಇದು.

1950ರ ದಶಕದಲ್ಲಿ ಆ ಮನೆಯ ಅಣ್ಣ ತಮ್ಮ ಇಬ್ಬರೂ ದರೋಡೆಗೆ ಇಳಿದಿದ್ದರು. ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕಿ, ದುಡ್ಡು ಸೊಂಟಕ್ಕೆ ಕಟ್ಟಿಕೊಂಡು ಎತ್ತಿನ ಗಾಡಿಯಲ್ಲಿ ವಾಪಸ್ ಬರುವವರನ್ನು ಕಾಡಿನ ದಾರಿಯಲ್ಲಿ ಅಡ್ಡ ಹಾಕುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಒಂಟಿ ಗಾಡಿ ಹೊರಡುವುದೇ ನಿಂತುಹೋಗಿತ್ತು. ಐದಾರು ಗಾಡಿ ಜೊತೆಯಾದ ಮೇಲೆಯೇ ಜನ ಕಾಡಿನ ದಾರಿ ಹಿಡಿಯುತ್ತಿದ್ದರು. ಆ ಮನೆಗೆ ಹೆಣ್ಣು ಕೊಡುವವರಿರಲಿಲ್ಲ, ಆ ಮನೆಯಿಂದ ಹೆಣ್ಣು ತರುವವರೂ ಇರಲಿಲ್ಲ.

ಅಣ್ಣ ತಮ್ಮ ಬಡವರಿಗೆ ಹಂಚುತ್ತಿದ್ದರು ಎಂದು ಹೇಳುವವರು ಈಗಲೂ ಇದ್ದಾರೆ. ನನಗೆ ಅದಕ್ಕೆ ಒಂದೂ ಆಧಾರ ಸಿಗಲಿಲ್ಲ. ಪೆಟ್ಟು ತಿಂದವರಲ್ಲಿ ಕೂಲಿಗೆ ಗಾಡಿ ಹೊಡೆಯುವವರೇ ಜಾಸ್ತಿ. ಅದೇ ಕಾಲದಲ್ಲಿ, 1951ರಲ್ಲಿ, ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಕೂತು ಜೈಲಿಗೆ ಹೋಗಿದ್ದರು. ಕಷ್ಟ ಎಲ್ಲರಿಗೂ ಇತ್ತು. ಎಲ್ಲರೂ ದಾರಿ ಕಾಯಲು ಹೋಗಲಿಲ್ಲ.

ಕೊನೆಗೆ ತಮ್ಮ ಸಿಕ್ಕಿಬಿದ್ದ. ಗುಡ್ಡದ ಮೇಲಿನ ಒಂದು ಸೋಗೆ ಗುಡಿಸಲಿನಲ್ಲಿ ಮಲಗಿದ್ದವನನ್ನು ಪೊಲೀಸರು ಬೆಳಗಿನ ಜಾವ ಹಿಡಿದರು. ಅಣ್ಣ ತಪ್ಪಿಸಿಕೊಂಡ. ಆಮೇಲೆ ಅವನು ಊರಿಗೆ ಬರಲೇ ಇಲ್ಲ. ಪೊಲೀಸರಿಗೆ ಜಾಗ ತೋರಿಸಿದವರು ಯಾರು? ಗುಡ್ಡದಾಚೆಯ ಮನೆಯವರೇ ಎಂದು ಊರು ತೀರ್ಮಾನ ಮಾಡಿತು. ಕಾರಣ ಇಷ್ಟೇ, ಆ ಗುಡಿಸಲಿಗೆ ಹತ್ತಿರ ಇದ್ದದ್ದು ಅವರ ಮನೆ.

ದರೋಡೆಕೋರನನ್ನು ಹಿಡಿಸಿಕೊಟ್ಟರೆ ಊರು ಖುಷಿಪಡಬೇಕಿತ್ತು ಅಲ್ವಾ ಎಂದು ನನ್ನನ್ನು ಕೇಳಿದವರಿದ್ದಾರೆ. ಹಾಗಾಗಲಿಲ್ಲ. ನೆರೆಮನೆಯವರನ್ನೇ ಹಿಡಿಸಿಕೊಟ್ಟವರು ನಾಳೆ ನಮ್ಮನ್ನೂ ಹಿಡಿಸಿಕೊಡುತ್ತಾರೆ ಎನ್ನುವ ಮಾತು ಬಂತು. ಅಣ್ಣ ಇನ್ನೂ ಕಾಡಿನಲ್ಲಿದ್ದ, ಆ ಹೆದರಿಕೆಯೂ ಇತ್ತು. ಗುಡ್ಡದಾಚೆಯವರ ನಾಟಿಗೆ ಮುಯ್ಯಾಳು, ಅಂದರೆ ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡಿಕೊಡುವ ಆಳು, ಹೋಗುವುದು ನಿಂತಿತು. ಊರಮ್ಮನ ಹಬ್ಬಕ್ಕೆ ಮೊದಲ ಅಡಿಕೆ ಸಿಂಗಾರ, ಅಂದರೆ ಅಡಿಕೆ ಹೂವಿನ ಗೊನೆ, ತರುವುದು ಆ ಮನೆಯ ಹಕ್ಕಾಗಿತ್ತು. ಅದನ್ನೂ ಕಿತ್ತುಕೊಂಡರು. ಮುಳುಗಡೆ ಬಂದು ಆ ಮನೆಯವರು ಶಿವಮೊಗ್ಗದ ಕಡೆ ಹೋದಾಗ, ಮುಖ ತೋರಿಸಲಾಗದೆ ಊರು ಬಿಟ್ಟರು ಎಂದರು. ನಿಜಕ್ಕೂ ಅವರ ಗದ್ದೆ ನೀರಿನಡಿ ಹೋಗಿತ್ತು.

ಮೊಕದ್ದಮೆಯ ತೀರ್ಪಿನ ನಕಲು ಅಣ್ಣ ತಮ್ಮಂದಿರ ಮನೆಯಲ್ಲಿತ್ತು. ಅದರಲ್ಲಿ ಸುಳಿವು ಕೊಟ್ಟವರ ಹೆಸರಿಲ್ಲ. ಇರುವುದೂ ಇಲ್ಲ. ಅಪರಾಧದ ಮಾಹಿತಿ ತನಗೆ ಎಲ್ಲಿಂದ ಬಂತು ಎಂದು ಪೊಲೀಸ್ ಅಧಿಕಾರಿ ಹೇಳಲೇಬೇಕು ಎಂದು ಒತ್ತಾಯ ಮಾಡುವ ಹಾಗಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 125ನೇ ಕಲಂ ಹಾಗೆ ಹೇಳುತ್ತಿತ್ತು. ಸುಳಿವು ಕೊಟ್ಟವರ ಜೀವ ಉಳಿಯಲಿ ಎಂದು ಮಾಡಿದ ಕಾನೂನು ಅದು. ಆದರೆ ಹಳ್ಳಿಯಲ್ಲಿ ಆ ಖಾಲಿ ಜಾಗವನ್ನು ಗಾಳಿಮಾತು ತುಂಬಿತು.

ಕಾಗದ

ಟ್ರಂಕಿನಲ್ಲಿ ಈ ಕಾಗದ ಕಂಡದ್ದು ಅಕ್ಕನ ಮೊಮ್ಮಗನಿಗೆ. ದರೋಡೆ ಮಾಡಿದ ಅಣ್ಣ ತಮ್ಮಂದಿರಿಗೆ ಒಬ್ಬಳು ಅಕ್ಕ ಇದ್ದಳು. ಗಂಡ ತೀರಿಕೊಂಡ ಮೇಲೆ ಮಗ, ಮಗಳನ್ನು ಕಟ್ಟಿಕೊಂಡು ತವರಿಗೆ ಬಂದು ಆ ಮನೆ ನಡೆಸಿದವಳು ಅವಳೇ. ಕಾಗದ ಬರೆದದ್ದು ಜೈಲಿನಲ್ಲಿದ್ದ ತಮ್ಮ. ಮೊಮ್ಮಗ ಈಗ ಮೇಷ್ಟ್ರು. ಟ್ರಂಕಿನ ಬೀಗದ ಕೈ ಇದ್ದದ್ದು ಅವನ ಸೋದರತ್ತೆಯ ಹತ್ತಿರ, ಅಂದರೆ ಆ ಅಕ್ಕನ ಮಗಳ ಹತ್ತಿರ. ಅವರಿಗೆ ಎಂಬತ್ತರ ಹತ್ತಿರ ವಯಸ್ಸು.

ಅದು ನೀಲಿ ಇನ್‌ಲ್ಯಾಂಡ್ ಕಾಗದ. ಜೈಲಿನ ಮೊಹರು ಇದೆ, ಅಂಚೆ ಮುದ್ರೆಯ ತಾರೀಖು ಮಸಿ ಹರಡಿ ಓದಲು ಬರುವುದಿಲ್ಲ. ಹಾಗಾಗಿ ಬೇರೆ ಗುರುತು ಹುಡುಕಿದೆವು. ಇನ್‌ಲ್ಯಾಂಡ್ ಕಾಗದ ನಮ್ಮಲ್ಲಿ ಶುರುವಾದದ್ದು 1950ರ ಅಕ್ಟೋಬರ್‌ನಲ್ಲಿ. ಇದರ ಮೇಲೆ ಅಚ್ಚಾದ ದರ ನಯಾ ಪೈಸೆಯಲ್ಲಿದೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, 1964ರ ಜೂನ್‌ನಲ್ಲಿ ‘ನಯಾ’ ಬಿಟ್ಟುಹೋಯಿತು. ಕಾಗದದ ಒಳಗೆ, ನೀರು ಬರುತ್ತದಂತೆ, ನಮ್ಮ ಮನೆಯವರೆಗೂ ಬರುತ್ತದಾ ಎಂದು ತಮ್ಮ ಕೇಳುತ್ತಾನೆ. ಅಂದರೆ ಮುಳುಗಡೆಗೆ ಮೊದಲು. 1957ರಿಂದ 1964ರ ನಡುವಿನದು ಎಂದು ಇಟ್ಟುಕೊಂಡೆವು. ತಾರೀಖಿಲ್ಲದ ಕಾಗದ ಸಿಕ್ಕಿದವರು ಅಚ್ಚಾದ ದರವನ್ನೂ ವಿಳಾಸವನ್ನೂ ಮೊದಲು ನೋಡಿ. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಮೈಸೂರು ರಾಜ್ಯ ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್‌ಗೆ ಹಿಂದಿನದು.

ಕಾಗದದಲ್ಲಿ ಎರಡು ಕೈಬರಹ ಇದ್ದವು. ಮುಕ್ಕಾಲು ಭಾಗ ದುಂಡಾದ, ಪಳಗಿದ ಅಕ್ಷರ. ‘ಮಾತೃಶ್ರೀ ಸಮಾನರಾದ ಅಕ್ಕನವರಿಗೆ’ ಎಂದು ಶುರುವಾಗಿ, ಇತ್ತ ಕ್ಷೇಮ ಅತ್ತ ಕ್ಷೇಮ ಎಲ್ಲ ಆಗಿ, ಆಮೇಲೆ ಮನೆಯ ವಿಷಯ. ಗಬ್ಬದ ದನ ಕರು ಹಾಕಿತಾ, ಕೊಳೆ ರೋಗಕ್ಕೆ ಔಷಧಿ ಹೊಡೆಸಿದ್ದಾರಾ, ಕೊಟ್ಟಿಗೆಗೆ ಸೋಗೆ ಹೊದಿಸಿದ್ದಾರಾ. ಅದು ಜೈಲಿನಲ್ಲಿ ಓದು ಬರಹ ಬಲ್ಲ ಇನ್ನೊಬ್ಬ ಕೈದಿ ಬರೆದುಕೊಟ್ಟದ್ದು ಎಂದು ಅಕ್ಕನ ಮಗಳಿಗೆ ಗೊತ್ತಿತ್ತು. ನಡುವೆ ಒಂದು ಕೋರಿಕೆ ಇದೆ. ಒಂದು ಸಲ ಇವರು ಅಡ್ಡ ಹಾಕಿದಾಗ ಗಾಡಿ ಮಗುಚಿ ಒಂದು ಎತ್ತಿನ ಕಾಲು ಮುರಿದಿತ್ತು. ಗಾಡಿಯವನು ಬಡವ, ಕರು ಮಾರಿಯಾದರೂ ಅವನಿಗೆ ಎತ್ತಿನ ದುಡ್ಡು ಮುಟ್ಟಿಸು ಎಂದು ತಮ್ಮ ಕೇಳಿಕೊಂಡಿದ್ದಾನೆ. ಕಿತ್ತುಕೊಂಡ ದುಡ್ಡಿನ ಬಗ್ಗೆ ಒಂದು ಮಾತೂ ಇಲ್ಲ.

ಕೊನೆಯಲ್ಲಿ ಕೈ ಬದಲಾಗುತ್ತದೆ. ಬಳಪ ಹಿಡಿದು ಕಲಿಯುವ ಮಗುವಿನ ಹಾಗೆ ಒತ್ತಿ ಒತ್ತಿ ಬರೆದ ಅಕ್ಷರ. ಆದರೆ ಅದರ ತುದಿ ಮಾತ್ರ ಕಾಣುತ್ತಿತ್ತು. ಉಳಿದ ಭಾಗದ ಮೇಲೆ ಒಂದು ಚೂರು ಕಾಪಿ ಪುಸ್ತಕದ ಹಾಳೆ ಅಂಟಿಸಿದ್ದರು. ಆ ಚೂರಿನ ಮೇಲೆ ಹದಿಮೂರರ ಮಗ್ಗಿ ಇತ್ತು. ಅನ್ನದ ಅಗುಳು ತಿಕ್ಕಿ ಅಂಟಿಸಿದ್ದು. ಅಗುಳಿನ ಆಸೆಗೆ ಹುಳ ಬಂದು ಅಂಚನ್ನು ಅಲ್ಲಲ್ಲಿ ತಿಂದಿತ್ತು.

ತೊಡಕು

ಊರಿನ ಶಾಲೆಗೆ ನೂರು ವರ್ಷ ತುಂಬುವುದರಲ್ಲಿತ್ತು. ಸ್ಮರಣ ಸಂಚಿಕೆ ಮಾಡುತ್ತಿದ್ದವರಲ್ಲಿ ಮೇಷ್ಟ್ರೂ ಒಬ್ಬರು. ಕಾಗದವನ್ನು ಪೂರ್ತಿ ಅಚ್ಚು ಹಾಕಬೇಕು ಎಂದು ಅವರ ಆಸೆ. ಅತ್ತೆ ಒಂದೇ ಮಾತಿನಲ್ಲಿ ಬೇಡ ಎಂದರು. ಯಾಕೆ ಎಂದು ಹೇಳಲಿಲ್ಲ. ಮನೆಯ ಹೆಣ್ಣುಮಕ್ಕಳ ಮದುವೆಗೆ ತೊಂದರೆ ಆಗುತ್ತದೆ ಎಂದು ಅತ್ತೆ ಹೆದರಿದ್ದಾರೆ ಅಂತ ಮೇಷ್ಟ್ರು ತಿಳಿದುಕೊಂಡರು. ಈಗಿನ ಕಾಲದಲ್ಲಿ ಅದೆಲ್ಲ ಯಾರು ಕೇಳುತ್ತಾರೆ ಎನ್ನುವುದು ಅವರ ವಾದ.

ಮೇಷ್ಟ್ರು ಓದಿಕೊಂಡವರು. ಆಸ್ಟ್ರೇಲಿಯಾದ ದರೋಡೆಕೋರ ನೆಡ್ ಕೆಲ್ಲಿಯ ಕಾಗದವನ್ನು ಅಲ್ಲಿನ ವಿಕ್ಟೋರಿಯಾ ರಾಜ್ಯದ ಗ್ರಂಥಾಲಯದಲ್ಲಿ ಇಟ್ಟಿದ್ದಾರೆ, ಅಮೆರಿಕದಲ್ಲಿ ದರೋಡೆಕೋರ ಜೆಸ್ಸಿ ಜೇಮ್ಸ್‌ನ ಮನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ, ನಾವು ಯಾಕೆ ಮುಚ್ಚಿಡಬೇಕು ಎಂದರು. ಈಸೂರಿನ ಹೆಸರನ್ನೂ ತಂದರು. 1942ರಲ್ಲಿ ಈಸೂರಿನವರೂ ಸರ್ಕಾರದ ಲೆಕ್ಕದಲ್ಲಿ ಅಪರಾಧಿಗಳೇ ಆಗಿದ್ದರಲ್ಲ ಎಂದು ಕೇಳಿದರು.

ಈಸೂರಿನ ಮಾತನ್ನು ನಾನು ಒಪ್ಪಲಿಲ್ಲ. 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದ ಆ ಐವರು ದೇಶಕ್ಕಾಗಿ ಎದ್ದವರು. ಗಾಡಿಯವನ ಸೊಂಟದ ಗಂಟಿಗೆ ಕೈ ಹಾಕಿದವರನ್ನು ಅವರ ಪಕ್ಕದಲ್ಲಿ ನಿಲ್ಲಿಸಬಾರದು. ಕೆಲ್ಲಿಯ ಕಾಗದದ ವಿಷಯ ಮಾತ್ರ ನಮಗೆ ನಿಜವಾಗಿ ಉಪಯೋಗಕ್ಕೆ ಬಂತು, ಆದರೆ ಮೇಷ್ಟ್ರು ಅಂದುಕೊಂಡ ರೀತಿಯಲ್ಲಲ್ಲ. ಕೆಲ್ಲಿ ಅದನ್ನು ಹೇಳಿ ಬರೆಸಿದವನು, ಅವನ ಜೊತೆಗಾರ ಜೋ ಬರ್ನ್ ಬರೆದವನು. ನಮ್ಮ ಕಾಗದದ ಹಾಗೆಯೇ ಇನ್ನೊಬ್ಬರ ಕೈ. ಸುಮಾರು ಎಂಟು ಸಾವಿರ ಶಬ್ದದ ಆ ಬರಹವನ್ನು 1879ರ ಫೆಬ್ರವರಿಯಲ್ಲಿ ಜೆರಿಲ್ಡರಿ ಎಂಬ ಊರಿಗೆ ನುಗ್ಗಿದಾಗ ಕೆಲ್ಲಿ ಜೊತೆಯಲ್ಲಿ ತಂದಿದ್ದ. ಅಚ್ಚು ಹಾಕಿಸಬೇಕು, ಊರೆಲ್ಲ ಓದಬೇಕು ಎಂಬುದೇ ಅವನ ಉದ್ದೇಶ. ಅಚ್ಚುಕೂಟದವನು ಓಡಿಹೋದದ್ದರಿಂದ ಅದು ಆಗ ಅಚ್ಚಾಗಲಿಲ್ಲ. ನಮ್ಮ ಕಾಗದ ಹಾಗಲ್ಲ. ಅದು ಬರೆದದ್ದು ಒಬ್ಬಳು ಅಕ್ಕನಿಗೆ. ಅದರ ಕೊನೆಯ ಸಾಲುಗಳನ್ನು ಮನೆಯವರೇ ಮುಚ್ಚಿದ್ದಾರೆ. ಇದನ್ನು ಹೇಳಿದಾಗ ಮೇಷ್ಟ್ರು ಸುಮ್ಮನಾದರು, ಮನಸ್ಸು ಮಾತ್ರ ಬದಲಾಗಲಿಲ್ಲ.

ಮಾಡಿ ನೋಡಿದ್ದು

ಮೊದಲ ಪ್ರಶ್ನೆ, ಅಂಟಿಸಿದ ಚೂರನ್ನು ಏನು ಮಾಡುವುದು. ನೀರು ಸವರಿದರೆ ಅಗುಳು ಬಿಡುತ್ತದೆ ಎಂದರು ಮೇಷ್ಟ್ರು. ಬಿಡುತ್ತದೆ, ನಿಜ. ಆದರೆ ಇಂಕ್ ಪೆನ್ನಿನ ಬರಹ ನೀರು ತಾಗಿದರೆ ಹರಡಿ ಹೋಗುತ್ತದೆ. ಆಗ ಅವರು ಮೊಬೈಲಿನ ಟಾರ್ಚ್ ಹಚ್ಚಿ ಕಾಗದದ ಹಿಂದೆ ಹಿಡಿಯಲು ಹೋದರು. ಅದರಿಂದ ಕಾಗದಕ್ಕೆ ಏನೂ ಆಗುವುದಿಲ್ಲ, ಮುಚ್ಚಿದ ಅಕ್ಷರ ಸಲೀಸಾಗಿ ಕಾಣುತ್ತದೆ. ಇಲ್ಲಿ ನಾನು ತಡೆದೆ. ಈ ಪ್ರಕರಣದಲ್ಲಿ ತೆಗೆದುಕೊಂಡ ತೀರ್ಮಾನಗಳಲ್ಲಿ ಇದೇ ದೊಡ್ಡದು ಎಂದು ನನಗೆ ಅನಿಸುತ್ತದೆ. ಹುಳ ತಿಂದು ಮುಚ್ಚಿಹೋದ ಸಾಲನ್ನು ಓದುವುದು ಬೇರೆ, ಒಬ್ಬರು ಬೇಕೆಂದೇ ಮುಚ್ಚಿದ್ದನ್ನು ಅವರ ಮನೆಯಲ್ಲೇ ಕೂತು, ಅವರನ್ನು ಕೇಳದೆ ಓದುವುದು ಬೇರೆ. ಮುಚ್ಚಿದವರು ಯಾರೆಂದು ಹೇಳಬಲ್ಲ ಒಬ್ಬರು ಒಳಗೆ ಅಡುಗೆಮನೆಯಲ್ಲಿ ಇದ್ದರು.

ಹಾಗಂತ ಅತ್ತೆಯ ಹತ್ತಿರ ಹೋಗಿ ಓದಬಹುದಾ ಎಂದು ಕೇಳಿದರೆ ಬೇಡ ಎಂದೇ ಉತ್ತರ ಬರುತ್ತಿತ್ತು. ಹಾಗೆ ಕೇಳಲಿಲ್ಲ. ಬದಲಿಗೆ ಒಂದು ಪಟ್ಟಿ ಮಾಡೋಣ ಎಂದೆ. ಈ ಕಾಗದದಲ್ಲಿ ಯಾರ್ಯಾರು ಬರುತ್ತಾರೆ, ಅವರ ಕಡೆಯವರು ಈಗ ಎಲ್ಲಿದ್ದಾರೆ, ಅಚ್ಚಾದರೆ ಯಾರಿಗೆ ಏನು ಆಗಬಹುದು. ಜಗಲಿಯಲ್ಲಿ ಕೂತು ಅತ್ತೆ ಹೇಳುತ್ತಾ ಹೋದರು, ಮೇಷ್ಟ್ರು ಬರೆದುಕೊಂಡರು. ಗಾಡಿಯವನು, ಔಷಧಿ ಹೊಡೆಯಲು ಬರುತ್ತಿದ್ದವನು, ಬರೆದುಕೊಟ್ಟ ಕೈದಿ. ಇಷ್ಟೇನಾ ಎಂದು ಮೇಷ್ಟ್ರು ಕೇಳಿದಾಗ ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು.

“ಗುಡ್ಡದಾಚೆಯವರನ್ನೂ ಬರ್ಕೋ. ಆ ಚೂರು ಅಂಟಿಸಿದ್ದು ನಾನೇ ಕಣೋ. ಅವ್ವ ಅಂಟ್ಸು ಅಂದ್ಲು, ಅಂಟ್ಸಿದೆ.”

ಅವರ ಅವ್ವನಿಗೆ ಓದಲು ಬರುತ್ತಿರಲಿಲ್ಲ. ಕಾಗದ ಬಂದ ದಿನ ಓದಿ ಹೇಳಿದ್ದು ಶಾಲೆಗೆ ಹೋಗುತ್ತಿದ್ದ ಈ ಮಗಳು. ಕೊನೆಯ ಸಾಲುಗಳನ್ನು ನಾನು ಇದ್ದ ಹಾಗೆ ಕೊಡುವುದಿಲ್ಲ, ಸಾರ ಹೇಳುತ್ತೇನೆ. ನಾನಿರುವ ಜಾಗ ಹೇಳಿದವಳು ನೀನೇ ಎಂದು ನನಗೆ ಗೊತ್ತು, ಬೇಜಾರಿಲ್ಲ, ಅಣ್ಣನಿಗೆ ತಿಳಿಸಬೇಡ. ಗುಡ್ಡದಾಚೆಯವರನ್ನು ಯಾರೂ ಬಯ್ಯದ ಹಾಗೆ ನೋಡಿಕೋ. ಇಷ್ಟೇ. ಇದನ್ನು ಬೇರೆ ಕೈದಿಯ ಬಾಯಿಗೆ ಕೊಡುವ ಹಾಗಿರಲಿಲ್ಲ. ಅದಕ್ಕೇ ತನಗೆ ಬಂದಷ್ಟು ಅಕ್ಷರದಲ್ಲಿ ತಾನೇ ಬರೆದಿದ್ದಾನೆ. ಜೈಲಿನಲ್ಲಿ ಕಾಗದ ನೋಡಿ ಬಿಡುವವರ ಕಣ್ಣಿಗೂ ಇದು ಬಿದ್ದೇ ಬಂದಿರಬೇಕು.

ಅಕ್ಕ ಯಾಕೆ ಹಾಗೆ ಮಾಡಿದಳು ಎಂದು ಮಗಳು ಹೇಳಿದ್ದು ಹೀಗೆ. ಅಣ್ಣನ ಹತ್ತಿರ ಬಂದೂಕು ಬಂದಿತ್ತು. ಮುಂದಿನ ಸಲ ಯಾರಾದರೂ ಸಾಯುತ್ತಾರೆ, ಇಲ್ಲವೇ ತಮ್ಮನೇ ಪೊಲೀಸರ ಗುಂಡಿಗೆ ಬೀಳುತ್ತಾನೆ ಎಂದು ಅವಳಿಗೆ ಅನಿಸಿತ್ತು. ತಮ್ಮ ಒಬ್ಬನೇ ಮಲಗುವ ರಾತ್ರಿ ನೋಡಿ, ಹೊಳೆ ದಾಟಿ ಹೋಗಿ ಹೇಳಿ ಬಂದಳು. ಆಮೇಲೆ ಗುಡ್ಡದಾಚೆಯವರ ಮೇಲೆ ಮಾತು ಬಂದಾಗ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಣ್ಣ ಸುಮ್ಮನಿರುತ್ತಿರಲಿಲ್ಲ. ಅಣ್ಣ ಇನ್ನು ಬರುವುದಿಲ್ಲ ಎಂದು ಗಟ್ಟಿಯಾಗುವ ಹೊತ್ತಿಗೆ ಮುಳುಗಡೆ ಆಗಿ ಅವರು ಊರು ಬಿಟ್ಟಾಗಿತ್ತು.

ಇಷ್ಟು ಗೊತ್ತಾದ ಮೇಲೆ ಮನೆಯೊಳಗಿನ ಜಗಳ ಇನ್ನೂ ಗಟ್ಟಿಯಾಯಿತು. ಈಗಂತೂ ಅಚ್ಚು ಹಾಕಲೇಬೇಕು, ತಪ್ಪಿಲ್ಲದವರ ಹೆಸರು ತೊಳೆಯಬೇಕು ಎಂದರು ಮೇಷ್ಟ್ರು. ಒಡಹುಟ್ಟಿದವನನ್ನೇ ಹಿಡಿಸಿದವಳು ಎಂದು ಅವ್ವನಿಗೆ ಹೆಸರು ಬರುತ್ತದೆ, ನಾನು ಬದುಕಿರುವಾಗ ಬೇಡ ಎಂದರು ಅತ್ತೆ. ಇಬ್ಬರ ಮಾತಿನಲ್ಲೂ ಹುರುಳಿತ್ತು.

ನಡುವಿನ ದಾರಿ ಹುಡುಕಿ ನೋಡಿದೆವು. ಹೆಸರು ಬದಲಿಸಿ ಅಚ್ಚು ಹಾಕಿದರೆ? ಆ ಊರಿನವರೇ ಓದುವ ಸಂಚಿಕೆಯಲ್ಲಿ ಎತ್ತಿನ ಕಾಲು ಮುರಿದ ಸುದ್ದಿ ಬಂದರೆ ಸಾಕು, ಯಾವ ಮನೆ ಎಂದು ಮಕ್ಕಳೂ ಹೇಳುತ್ತಾರೆ. ಕೊನೆಯ ಸಾಲು ಬಿಟ್ಟು ಉಳಿದದ್ದನ್ನು ಹಾಕಿದರೆ? ಅದು ಇನ್ನೂ ಕೆಟ್ಟದ್ದು. ದನ ಕರು, ಬಡ ಗಾಡಿಯವನ ಮೇಲಿನ ಕರುಣೆ ಎಲ್ಲ ಓದಿದವರಿಗೆ ತಮ್ಮನ ಮೇಲೆ ಮಮತೆ ಬರುತ್ತದೆ, ಅಷ್ಟೇ ಜೋರಾಗಿ ಗುಡ್ಡದಾಚೆಯವರ ಮೇಲೆ ಸಿಟ್ಟು ಬರುತ್ತದೆ. ಅರ್ಧ ಕಾಗದ ಪೂರ್ತಿ ಸುಳ್ಳಿಗೆ ಸಾಕ್ಷಿ ಆಗುತ್ತಿತ್ತು. ನಾನು ಹೇಳಿದ್ದು ಒಂದೇ. ಅನ್ಯಾಯ ಆದದ್ದು ಗುಡ್ಡದಾಚೆಯವರಿಗೆ. ಅದನ್ನು ಹೇಗೆ ಸರಿ ಮಾಡಬೇಕು ಎಂದು ಮೊದಲು ಅವರನ್ನು ಕೇಳೋಣ. ನೀವಿಬ್ಬರು ಇಲ್ಲಿ ಕೂತು ತೀರ್ಮಾನ ಮಾಡಿದರೆ ಅವರ ಪಾಲಿಗೆ ಇನ್ನೊಂದು ಸಲ ಅದೇ ಆಗುತ್ತದೆ.

ಆದದ್ದು

ಅತ್ತೆ ತಾವೇ ಬರುತ್ತೇನೆ ಎಂದರು. ಮೇಷ್ಟ್ರು ಒಬ್ಬರೇ ಹೋಗಿ ಹೇಳಿದ್ದರೆ ಕೆಲಸ ಕೆಡುತ್ತಿತ್ತು. ಗುಡ್ಡದಾಚೆ ಮನೆಯ ಹಿರಿಯರು ಶಿವಮೊಗ್ಗದ ಹತ್ತಿರ ಮಗನ ಜೊತೆ ಇದ್ದಾರೆ. ಅತ್ತೆಯ ಓರಗೆಯವರು, ಒಂದೇ ಶಾಲೆಯಲ್ಲಿ ಓದಿದವರು. ಕಾಗದ ತೋರಿಸಲು ಹೋದಾಗ ಅವರು ಕೈಗೆ ತೆಗೆದುಕೊಳ್ಳಲಿಲ್ಲ.

“ನಿಮ್ಮವ್ವಂಗೆ ಗೊತ್ತಿದ್ದೂ ಸುಮ್ನಿದ್ರಾ?” ಎಂದು ಕೇಳಿದರು.

“ಹೌದು. ನಂಗೂ ಗೊತ್ತಿತ್ತು” ಎಂದರು ಅತ್ತೆ.

ಅವರು ಎದ್ದು ಒಳಗೆ ಹೋದರು. ಸೊಸೆ ಕಾಫಿ ತಂದು ಕೊಟ್ಟಳು, ಅವರು ಮಾತ್ರ ಹೊರಗೆ ಬರಲಿಲ್ಲ. ಅಂದು ಅಷ್ಟಕ್ಕೇ ವಾಪಸ್ ಬಂದೆವು. ಮೇಷ್ಟ್ರಿಗೆ ತುಂಬ ನಿರಾಸೆ. ನನಗೆ ಹಾಗನಿಸಲಿಲ್ಲ. ಅಷ್ಟು ವರ್ಷದ ಭಾರ ಒಂದು ಲೋಟ ಕಾಫಿ ಮುಗಿಯುವುದರಲ್ಲಿ ಇಳಿಯಬೇಕು ಎಂದು ನಾವು ಯಾಕೆ ಬಯಸಬೇಕು?

ಮಳೆಗಾಲ ಕಳೆದ ಮೇಲೆ ಅವರ ಮಗ ಫೋನ್ ಮಾಡಿದರು. ಅಪ್ಪ ಎರಡು ಮಾತು ಹೇಳಿದ್ದಾರೆ ಎಂದರು. ಕಾಗದ ಅಚ್ಚಾಗುವುದು ಬೇಡ, ನಮ್ಮ ಮನೆಯ ಹೆಸರು ಪುಸ್ತಕದಲ್ಲಿ ದರೋಡೆ ಸುದ್ದಿಯ ಜೊತೆ ಬರುವುದು ಬೇಡ. ಆದರೆ ಮಾತು ಹುಟ್ಟಿದ್ದು ಆ ಊರಿನಲ್ಲಿ, ಆ ಊರಿನಲ್ಲೇ ನಿಮ್ಮ ಮನೆಯವರ ಬಾಯಿಂದಲೇ ಅದು ಸುಳ್ಳು ಎಂದು ಬರಲಿ. ಮತ್ತೆ ಹಬ್ಬದ ಸಿಂಗಾರ ನಮ್ಮ ಮನೆಯದಾಗಿತ್ತು.

ಅತ್ತೆ ಹೇಳಿದರು. ಊರಮ್ಮನ ಗುಡಿಯ ಮುಂದೆ ಹಬ್ಬದ ಸಭೆ ಸೇರಿದಾಗ, ಎಲ್ಲ ಮನೆಯ ಹಿರಿಯರು ಇದ್ದಾಗ, ಎದ್ದು ನಿಂತು ಹೇಳಿದರು. ಕಾಗದ ತೋರಿಸಲಿಲ್ಲ. ಕೆಲವರು ನಂಬಿದರು. ಇಷ್ಟು ವರ್ಷ ಆದ ಮೇಲೆ ಈಗ ಯಾಕೆ ಎಂದು ಗೊಣಗಿದವರೂ ಇದ್ದರು. ಮುದುಕಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂದವರೂ ಇದ್ದಾರೆ, ಅವರು ಈಗಲೂ ಹಾಗೆಯೇ ಹೇಳುತ್ತಾರೆ. ಅತ್ತೆ ಹೆದರಿದ ಹಾಗೆ ಅವರ ಅವ್ವನನ್ನು ಆಡಿಕೊಂಡವರೂ ಇಲ್ಲದಿಲ್ಲ. ಆದರೆ ಹಬ್ಬಕ್ಕೆ ಸಿಂಗಾರ ತರಲು ಗುಡ್ಡದಾಚೆ ಮನೆಯವರಿಗೆ ಹೇಳಿಕೆ ಹೋಯಿತು. ಹಿರಿಯರು ಬರಲಿಲ್ಲ. ಮೊಮ್ಮಗ ಬಂದ, ಸಿಂಗಾರ ತಂದ.

ಮೇಷ್ಟ್ರು ಸಂಚಿಕೆಗೆ ಬೇರೆ ಲೇಖನ ಬರೆದರು. ಮಂಡಿಗೆ ಹೋಗುವ ಹಳೆಯ ಗಾಡಿ ದಾರಿ, ಎತ್ತು ಬಿಚ್ಚುತ್ತಿದ್ದ ತಂಗುವ ಜಾಗಗಳು, ಮುಳುಗಡೆಯಲ್ಲಿ ಹೋದ ಗದ್ದೆಗಳ ಹೆಸರು. ಅದಕ್ಕಾಗಿ ಅಜ್ಜಿಯ ಲೆಕ್ಕದ ಪುಸ್ತಕ ನೋಡುವಾಗ, ಮಗಳ ಕೈಯಲ್ಲಿ ಬರೆಸಿದ ಒಂದು ಬಾಬ್ತು ಸಿಕ್ಕಿತು: ಎತ್ತಿನ ದುಡ್ಡು, ಮೂರು ಕಂತು.

ಬೇರೆಯವರಿಗೆ ಉಪಯೋಗ ಆಗುವ ಮಾತು

ಇಂಥ ಮನೆಗಳ ಕಾಗದ ಸಿಕ್ಕಾಗ ಕೈ ತುರಿಸುವುದು ಸಹಜ. ದೊಡ್ಡ ಸುದ್ದಿ ಸಿಕ್ಕಿತು ಅನಿಸುತ್ತದೆ. ಆ ಹೊತ್ತಿನಲ್ಲಿ ಹೆಸರುಗಳ ಪಟ್ಟಿ ಮಾಡುವ ಕೆಲಸವೇ ನಮಗೆ ನೆರವಾದದ್ದು. ಬರೆದವರು, ಪಡೆದವರು ಇಬ್ಬರೇ ಅಲ್ಲ, ಒಳಗೆ ಬರುವ ಒಬ್ಬೊಬ್ಬರನ್ನೂ ಬರೆದುಕೊಳ್ಳಬೇಕು, ಅದನ್ನು ಮನೆಯ ಹಿರಿಯರ ಜೊತೆ ಕೂತೇ ಮಾಡಬೇಕು. ಓದಲು ಒಪ್ಪಿಗೆ ಕೇಳಿದರೆ ಬಾರದ ಮಾತು ಪಟ್ಟಿ ಮಾಡುವಾಗ ತಾನಾಗಿ ಬಂತು.

ಕಾನೂನು ಗೊತ್ತಿರಲಿ. ಕಾಗದದ ಹಾಳೆ ಅದನ್ನು ಪಡೆದವರದ್ದು. ಅದರಲ್ಲಿನ ಬರಹದ ಹಕ್ಕು ಬರೆದವರದ್ದು, ಅವರ ನಂತರ ಅವರ ವಾರಸುದಾರರದ್ದು. ಎಂದೂ ಅಚ್ಚಾಗದ ಬರಹ ಬರೆದವರು ತೀರಿಕೊಂಡ ಮೇಲೆ ಅಚ್ಚಾದರೆ, 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕು ಅಚ್ಚಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಟ್ರಂಕು ನಮ್ಮ ಮನೆಯಲ್ಲಿದೆ ಎನ್ನುವುದು ಅಚ್ಚು ಹಾಕಲು ಸಾಲದು. ತಮ್ಮನಿಗೆ ಮದುವೆ ಆಗಿರಲಿಲ್ಲ, ಹಾಗಾಗಿ ಇಲ್ಲಿ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದರು.

ಕಾಗದಕ್ಕೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಲಿಲ್ಲ, ಮಡಿಕೆ ಹರಿದ ಕಡೆ ಸೆಲ್ಲೋಟೇಪ್ ಹಚ್ಚಲಿಲ್ಲ. ಎರಡೂ ಕಾಗದವನ್ನು ಕೆಡಿಸುತ್ತವೆ, ಆಮೇಲೆ ಬಿಡಿಸುವುದು ಬಹಳ ಕಷ್ಟ. ಬೆಳಗಿನ ಬೆಳಕಿನಲ್ಲಿ, ಬಿಸಿಲು ನೇರ ಬೀಳದ ಹಾಗೆ ಫೋಟೋ ತೆಗೆದೆವು. ಮಗ್ಗಿಯ ಚೂರು ಅಂಟಿದ ಹಾಗೇ ಇದೆ, ತೆಗೆಯಲಿಲ್ಲ. ಮಡಿಕೆ ಬಿಡಿಸಿ, ಆಮ್ಲ ಇಲ್ಲದ ಕಾಗದದ ನಡುವೆ ಇಟ್ಟು, ಗೋಡೆಯ ಥಂಡಿ ತಾಗದ ಕಪಾಟಿನಲ್ಲಿ ಅತ್ತೆಯೇ ಇಟ್ಟುಕೊಂಡಿದ್ದಾರೆ. ಜೊತೆಗೆ ಒಂದು ಚೀಟಿ ಇದೆ. ಈ ಕಾಗದ ಯಾರದ್ದು, ಯಾವಾಗಿನದು, ಯಾರು ಯಾಕೆ ಮುಚ್ಚಿದರು, ಎರಡೂ ಮನೆಯವರು ಸೇರಿ ಏನು ತೀರ್ಮಾನ ಮಾಡಿದರು ಎಂದು ಮೇಷ್ಟ್ರ ಕೈಬರಹದಲ್ಲಿದೆ. ಕೆಳಗೆ ಅತ್ತೆಯ ಸಹಿ, ಗುಡ್ಡದಾಚೆ ಮನೆಯ ಮಗನ ಸಹಿ. ಎರಡೂ ಮನೆಯ ಒಪ್ಪಿಗೆ ಇಲ್ಲದೆ ಕೊನೆಯ ಸಾಲುಗಳನ್ನು ಯಾರೂ ಅಚ್ಚು ಹಾಕಬಾರದು ಎಂದೂ ಬರೆದಿದೆ. ಗಾಡಿಯವನ ಕಡೆಯವರು ಯಾರಾದರೂ ಸಿಗುತ್ತಾರಾ ಎಂದು ಮೇಷ್ಟ್ರು ಇನ್ನೂ ವಿಚಾರಿಸುತ್ತಿದ್ದಾರೆ. ಸಿಕ್ಕರೆ ಆ ಚೀಟಿಗೆ ಅವರ ಮಾತೂ ಸೇರಬೇಕು.